ಆರು ಮಿಲಿಗ್ರಾಂ: ಯಾರಿಗೆ, ಯಾವಾಗ?

ಕೋವಿಡ್ ರೋಗಿಗಳ ಸಾವನ್ನು ತಗ್ಗಿಸುತ್ತದೆಂದು ಖಚಿತವಾಗಿ ಸಾಬೀತಾದ ಮೊದಲ ಔಷಧಕ್ಕೆ ವೈರಸ್ಸಿನ ಕೂದಲು ಕೊಂಕಿಸುವ ಶಕ್ತಿಯೂ ಇರಲಿಲ್ಲ. ಡೆಕ್ಸಾಮೆಥಾಸೋನ್ ಎಂಬ ಆ ಸ್ಟಿರಾಯ್ಡ್ 1950ರ ದಶಕದ ಕೊನೆಯಿಂದ ಬಳಕೆಯಲ್ಲಿದೆ. ಸಂಧಿವಾತಕ್ಕೆ, ಅಸ್ತಮಾಕ್ಕೆ, ಅಲರ್ಜಿಗೆ ವೈದ್ಯರು ಬರೆಯುತ್ತಲೇ ಬಂದದ್ದು, ಮಂಗಳೂರಿನ ಹಂಪನಕಟ್ಟೆಯ ಮೆಡಿಕಲ್ ಶಾಪುಗಳಲ್ಲಿ ಕೆಲವೇ ರೂಪಾಯಿಗೆ ಸಿಗುವಂಥದ್ದು. ಅದು ಮಾಡುವ ಮುಖ್ಯ ಕೆಲಸ: ನಮ್ಮದೇ ರೋಗನಿರೋಧಕ ವ್ಯವಸ್ಥೆಯ ಆರ್ಭಟವನ್ನು ಇಳಿಸುವುದು. ಸೋಂಕು ತಗಲಿದವನಿಗೆ ನಿರೋಧಕ ಶಕ್ತಿಯನ್ನೇ ಕುಗ್ಗಿಸುವ ಮದ್ದೇ ಎಂದು ಯಾರಾದರೂ ಹುಬ್ಬೇರಿಸಿದರೆ ತಪ್ಪಿಲ್ಲ. 2020ರ ಮೊದಲ ತಿಂಗಳುಗಳಲ್ಲಿ ಅನೇಕ ತಜ್ಞರೂ ಹಾಗೇ ಹುಬ್ಬೇರಿಸಿದ್ದರು. ಉತ್ತರ ಕಾಯಿಲೆಯ ನಡಿಗೆಯಲ್ಲಿದೆ. ಮೊದಲ ವಾರ ವೈರಸ್ ದುಪ್ಪಟ್ಟಾಗುತ್ತ ಹೋಗುತ್ತದೆ. ಆಗ ದೇಹದ ಕಾವಲು ಪಡೆ ಚುರುಕಾಗಿರಲೇಬೇಕು. ಹೆಚ್ಚಿನವರಿಗೆ ಕಥೆ ಅಲ್ಲಿಗೇ ಮುಗಿಯುತ್ತದೆ. ಕೆಲವರಲ್ಲಿ ಮಾತ್ರ ಎರಡನೆಯ ವಾರದ ಹೊತ್ತಿಗೆ ವೈರಸ್ ಇಳಿಮುಖವಾದರೂ ಕಾವಲು ಪಡೆ ತಣಿಯುವುದಿಲ್ಲ. ಇಂಟರ್‌ಲ್ಯೂಕಿನ್-6ರಂಥ ಸಂದೇಶವಾಹಕ ಪ್ರೋಟೀನುಗಳು ರಕ್ತದಲ್ಲಿ ಏರುತ್ತವೆ, ಶ್ವಾಸಕೋಶ ಉರಿಯೂತದಿಂದ ಊದಿಕೊಂಡು ಗಾಳಿಗೂಡುಗಳಲ್ಲಿ ದ್ರವ ತುಂಬುತ್ತದೆ, ರಕ್ತದ ಆಮ್ಲಜನಕ ಕುಸಿಯುತ್ತದೆ. ಆ ಹಂತದಲ್ಲಿ ರೋಗಿಯನ್ನು ಕೊಲ್ಲುವುದರಲ್ಲಿ ವೈರಸ್ಸಿನ ಪಾಲಿಗಿಂತ ಅವನ ದೇಹದ ಪಾಲೇ ದೊಡ್ಡದು.

ಇದು ತರ್ಕ, ವೈದ್ಯಕೀಯದಲ್ಲಿ ಸೊಗಸಾದ ತರ್ಕಗಳು ಕೈಕೊಟ್ಟದ್ದಕ್ಕೆ ಲೆಕ್ಕವಿಲ್ಲ. ಆದ್ದರಿಂದ ಪುರಾವೆ ನೋಡಬೇಕು. ಬ್ರಿಟನ್ನಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದ ‘ರಿಕವರಿ’ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ 2104 ಮಂದಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನು ಹೆಚ್ಚೆಂದರೆ 10 ದಿನ ಕೊಡಲಾಯಿತು. 4321 ಮಂದಿಗೆ ಎಂದಿನ ಆರೈಕೆ ಮಾತ್ರ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರಲ್ಲ, ಚೀಟಿ ಎತ್ತಿದಂತೆ ಕಂಪ್ಯೂಟರ್ ನಿರ್ಧರಿಸಿತು. ವೆಂಟಿಲೇಟರಿನಲ್ಲಿದ್ದವರ ಪೈಕಿ 28 ದಿನಗಳೊಳಗೆ ಸತ್ತವರು ಎಂದಿನ ಆರೈಕೆಯಲ್ಲಿ ಶೇ. 41.4, ಸ್ಟಿರಾಯ್ಡ್ ಪಡೆದವರಲ್ಲಿ ಶೇ. 29.3. ಬರೀ ಆಕ್ಸಿಜನ್ ಮೇಲಿದ್ದವರಲ್ಲಿ ಅಂತರ ಕಿರಿದಾಯಿತು: 26.2ರಿಂದ 23.3ಕ್ಕೆ. ಪತ್ರಿಕೆಗಳ ತಲೆಬರಹದಲ್ಲಿ ಮಿಂಚಿದ್ದು ಈ ಎರಡು ಸಾಲು. ನನ್ನ ದೃಷ್ಟಿಯಲ್ಲಿ ಮೂರನೆಯ ಸಾಲೇ ಹೆಚ್ಚು ಮುಖ್ಯ. ಆಕ್ಸಿಜನ್ ಬೇಕಿಲ್ಲದ ರೋಗಿಗಳಲ್ಲಿ ಎಂದಿನ ಆರೈಕೆ ಪಡೆದವರ ಸಾವು ಶೇ. 14.0 ಇದ್ದರೆ, ಸ್ಟಿರಾಯ್ಡ್ ಪಡೆದವರದು ಶೇ. 17.8. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಸಂಖ್ಯಾಶಾಸ್ತ್ರ ಅಷ್ಟು ಎಚ್ಚರಿಕೆ ಹೇಳುತ್ತದೆ. ಆದರೆ ಲಾಭದ ಸುಳಿವಂತೂ ಇಲ್ಲ, ವಾಲಿರುವುದು ಹಾನಿಯ ಕಡೆಗೆ. ಅದೇ ಮದ್ದು, ಅದೇ ಪ್ರಮಾಣ. ಬದಲಾದದ್ದು ಕೊಟ್ಟಾಗಿನ ಕಾಯಿಲೆಯ ಹಂತ.

ಹಾಗಿದ್ದರೆ ಕಾಯಿಲೆ ಉಲ್ಬಣಿಸುವ ಮೊದಲೇ ಕೊಟ್ಟು ತಡೆಯಬಾರದೇಕೆ, ಇಲ್ಲವೇ ಪ್ರಮಾಣವನ್ನು ಇನ್ನಷ್ಟು ಹೆಚ್ಚಿಸಬಾರದೇಕೆ ಎಂಬುದು ಸಹಜ ಪ್ರಶ್ನೆ. ಮೊದಲಿನದಕ್ಕೆ ಮೇಲಿನ ಮೂರನೆಯ ಸಾಲೇ ಉತ್ತರ. ಎರಡನೆಯದನ್ನೂ ರಿಕವರಿ ತಂಡ ಪರೀಕ್ಷಿಸಿತು. ಆಕ್ಸಿಜನ್ ಪಡೆಯದಿದ್ದ ಅಥವಾ ಸಾಮಾನ್ಯ ಆಕ್ಸಿಜನ್ ಸಾಕಾಗಿದ್ದ 1272 ರೋಗಿಗಳಲ್ಲಿ ಹೆಚ್ಚಿನ ಪ್ರಮಾಣ, ಅಂದರೆ ಐದು ದಿನ 20, ಮತ್ತೆ ಐದು ದಿನ 10 ಮಿಲಿಗ್ರಾಂ ಪಡೆದವರಲ್ಲಿ ಶೇ. 19 ಮಂದಿ ಸತ್ತರು; ಎಂದಿನ ಆರೈಕೆಯವರಲ್ಲಿ (ಅಷ್ಟರಲ್ಲಿ ಅದರಲ್ಲಿ ಕಡಿಮೆ ಪ್ರಮಾಣದ ಸ್ಟಿರಾಯ್ಡೂ ಸೇರಿತ್ತು) ಶೇ. 12. ಈ ಫಲಿತಾಂಶ ಅಚ್ಚಾದದ್ದು 2023ರಲ್ಲಿ. ಅದಕ್ಕೂ ಮುಂಚೆ, 2021ರ ಎರಡನೆಯ ಅಲೆಯಲ್ಲಿ, ನಮ್ಮಲ್ಲಿ ಮನೆಯಲ್ಲೇ ಇದ್ದವರೂ ವಾಟ್ಸಾಪಿನಲ್ಲಿ ಬಂದ ಚೀಟಿ ಹಿಡಿದು ಸ್ಟಿರಾಯ್ಡ್ ನುಂಗಿದ್ದುಂಟು. ಆ ವರ್ಷದ ಮೇ ತಿಂಗಳಲ್ಲೇ ಮಂಗಳೂರಿನ ಆಸ್ಪತ್ರೆಗಳಿಗೆ ನೆರೆ ಜಿಲ್ಲೆಗಳಿಂದಲೂ ಕಪ್ಪು ಶಿಲೀಂಧ್ರ ಸೋಂಕಿನ ರೋಗಿಗಳು ಬರತೊಡಗಿದರು. ಸ್ಟಿರಾಯ್ಡ್ ಒಂದೇ ಅದಕ್ಕೆ ಕಾರಣವೆನ್ನುವುದು ಅನ್ಯಾಯ. ಹತೋಟಿಗೆ ಸಿಗದ ಸಕ್ಕರೆ ಕಾಯಿಲೆಯೇ ಮುಖ್ಯ ನೆಲ. ಆದರೆ ಸ್ಟಿರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಶಿಲೀಂಧ್ರವನ್ನು ತಡೆಯುವ ಬಿಳಿ ರಕ್ತಕಣಗಳನ್ನೂ ಮಂದ ಮಾಡುತ್ತದೆ. ದೇಶದ 16 ಆಸ್ಪತ್ರೆಗಳಲ್ಲಿ 2020ರ ಕೊನೆಯ ತಿಂಗಳುಗಳಲ್ಲಿ ದಾಖಲಾದ 287 ಕಪ್ಪು ಶಿಲೀಂಧ್ರ ರೋಗಿಗಳ ಅಧ್ಯಯನದಲ್ಲೂ ಅನುಚಿತ ಸ್ಟಿರಾಯ್ಡ್ ಬಳಕೆಯ ನಂಟು ಕಂಡುಬಂದಿತ್ತು. ಎರಡನೆಯ ಅಲೆ ಅಪ್ಪಳಿಸುವ ಮೊದಲಿನ ರೋಗಿಗಳಿವರು.

ಇಡೀ ನಿರೋಧಕ ವ್ಯವಸ್ಥೆಯನ್ನು ಅದುಮುವ ಬದಲು ಒಂದೇ ಸಂದೇಶವನ್ನು ತಡೆಯುವ ಹೊಸ ಮದ್ದುಗಳೂ ಬಂದವು. ಇಂಟರ್‌ಲ್ಯೂಕಿನ್-6ರ ದಾರಿ ಕಟ್ಟುವ ಟೋಸಿಲಿಝುಮಾಬ್, ತೀವ್ರ ರೋಗಿಗಳ ಸಾವನ್ನು ಶೇ. 35ರಿಂದ 31ಕ್ಕೆ ಇಳಿಸಿತು. ಅವರಲ್ಲಿ ಹೆಚ್ಚಿನವರು ಸ್ಟಿರಾಯ್ಡನ್ನೂ ಪಡೆಯುತ್ತಿದ್ದರು. ಆದರೆ ಒಂದು ಡೋಸಿಗೆ 2021ರಲ್ಲಿ ಸುಮಾರು 40 ಸಾವಿರ ರೂಪಾಯಿ, ಬೇಕಾದಾಗ ಮಾರುಕಟ್ಟೆಯಲ್ಲಿ ಇರಲಿಲ್ಲ. ಬ್ಯಾರಿಸಿಟಿನಿಬ್ ಗುಳಿಗೆ ಅದಕ್ಕಿಂತ ಅಗ್ಗ, ಲಾಭವೂ ಸಣ್ಣದು: 14ರಿಂದ 12ಕ್ಕೆ.

ಕರ್ನಾಟಕದ್ದೇ ಒಂದು ಮದ್ದಿನ ಕಥೆ ಬೇರೆಯೇ ಪಾಠ ಹೇಳುತ್ತದೆ. ಬೆಂಗಳೂರಿನ ಬಯೋಕಾನ್ ಸೋರಿಯಾಸಿಸ್ ಚರ್ಮರೋಗಕ್ಕೆಂದು 2013ರಿಂದ ಮಾರುತ್ತಿದ್ದ ಇಟೊಲಿಝುಮಾಬ್‌ಗೆ 2020ರ ಜುಲೈಯಲ್ಲಿ ಕೇಂದ್ರದ ಔಷಧ ನಿಯಂತ್ರಕರು ಕೋವಿಡ್‌ನಲ್ಲಿ ತುರ್ತು ಬಳಕೆಗೆ ಒಪ್ಪಿಗೆ ಕೊಟ್ಟರು. ಆಧಾರ ಕೇವಲ 30 ರೋಗಿಗಳು: ಮದ್ದು ಪಡೆದ 20 ಮಂದಿಯಲ್ಲಿ ಯಾರೂ ಸಾಯಲಿಲ್ಲ, ಪಡೆಯದ 10ರಲ್ಲಿ ಮೂವರು ಸತ್ತರು. ಕೇಳಲು ಪವಾಡದಂತಿದೆ. ಆದರೆ ಇಷ್ಟು ಸಣ್ಣ ಗುಂಪಿನಲ್ಲಿ ಒಬ್ಬಿಬ್ಬರ ಹಣೆಬರಹ ಅತ್ತಿತ್ತ ಆದರೂ ಇಡೀ ಚಿತ್ರ ಬದಲಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯಪಡೆ ಅದನ್ನು ಚಿಕಿತ್ಸಾ ಮಾರ್ಗಸೂಚಿಗೆ ಸೇರಿಸಲಿಲ್ಲ, ಸರಿಯಾಗಿಯೇ ಮಾಡಿತು. ಮದ್ದು ಕೆಲಸಕ್ಕೆ ಬಾರದ್ದೆಂದು ಇದರರ್ಥವಲ್ಲ, ಕೆಲಸಕ್ಕೆ ಬರುತ್ತದೋ ಇಲ್ಲವೋ ತಿಳಿಯುವ ಅವಕಾಶವನ್ನು ನಾವು ಕೈಬಿಟ್ಟೆವು ಎಂದರ್ಥ. ಹೆಣ ಬೀಳುತ್ತಿರುವಾಗ ಪ್ರಯೋಗಕ್ಕೆ ಕಾಯಲಾದೀತೇ ಎಂಬ ಆಕ್ಷೇಪ ಆಗ ಜೋರಾಗಿತ್ತು. ಆದರೆ ಅದೇ ವರ್ಷದ ಮಾರ್ಚ್ ನಡುವಿನಲ್ಲಿ ರೋಗಿಗಳನ್ನು ಸೇರಿಸಿಕೊಳ್ಳತೊಡಗಿದ ರಿಕವರಿ ಜೂನ್ 16ಕ್ಕೆ ಉತ್ತರ ಹೇಳಿತ್ತು. ನೂರು ದಿನವೂ ಹಿಡಿಯಲಿಲ್ಲ. ನಮ್ಮಲ್ಲಿ ಸಾಧ್ಯವಿಲ್ಲವೆನ್ನುವ ಹಾಗೂ ಇಲ್ಲ. ಚೇತರಿಸಿಕೊಂಡವರ ಪ್ಲಾಸ್ಮಾ ಕೊಡುವ ಚಿಕಿತ್ಸೆಯನ್ನು ಅದೇ ಮಂಡಳಿ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಪರೀಕ್ಷಿಸಿ, ಅದರಿಂದ ಪ್ರಯೋಜನವಿಲ್ಲವೆಂದು 2020ರಲ್ಲೇ ತೋರಿಸಿತ್ತು.

ಪ್ರಯೋಗ ನಡೆಸಿಯೇ ತಿಳಿಯಬೇಕೆಂಬ ಈ ಮಾತು ಮಂಗಳೂರಿಗೆ ಇಂದಿಗೂ ಹೊಂದುತ್ತದೆ, ಏಕೆಂದರೆ ಕೋವಿಡ್ ತಣ್ಣಗಾದರೂ ಜ್ವರದ ಋತು ಪ್ರತಿವರ್ಷ ಬರುತ್ತದೆ. ಇನ್‌ಫ್ಲುಯೆಂಝಾ (ಫ್ಲೂ) ತೀವ್ರವಾಗಿ ಆಸ್ಪತ್ರೆ ಸೇರಿದವರಿಗೆ ಸ್ಟಿರಾಯ್ಡ್ ಕೊಡಬೇಕೇ? ಹಿಂದಿನ ದಾಖಲೆಗಳಲ್ಲಿ ಸ್ಟಿರಾಯ್ಡ್ ಪಡೆದವರೇ ಹೆಚ್ಚು ಸತ್ತಿದ್ದಾರೆ. ಆದರೆ ವೈದ್ಯರು ಅದನ್ನು ಬರೆದದ್ದೇ ಹೆಚ್ಚು ಬಳಲಿದವರಿಗೆ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಅಂಥ ದಾಖಲೆಗಳಿಂದ ಬಿಡಿಸಲಾಗದು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೀವ್ರ ಫ್ಲೂಗೆ ಸ್ಟಿರಾಯ್ಡ್ ಬೇಡವೆಂದು ಷರತ್ತಿನ ಸಲಹೆ ಕೊಟ್ಟಿತು. ಕೋವಿಡ್‌ನ ಉತ್ತರವನ್ನು ಫ್ಲೂಗೆ ಹಾಗೇ ದಾಟಿಸಲಾಗದು. ಬ್ರಿಟನ್ನಿನ ರೋಗಿಗಳ ಫಲಿತಾಂಶ ಕರಾವಳಿಗೆ ಹೊಂದೀತೇ ಎಂಬ ಆಕ್ಷೇಪದಲ್ಲೂ ಹುರುಳಿದೆ: ಇಲ್ಲಿ ಸಕ್ಕರೆ ಕಾಯಿಲೆ ಹೆಚ್ಚು, ಕ್ಷಯ ಇದೆ, ಮಣ್ಣಿನಿಂದ ದೇಹ ಹೊಕ್ಕು ವರ್ಷಗಟ್ಟಲೆ ತೆಪ್ಪಗಿದ್ದು ಸ್ಟಿರಾಯ್ಡ್ ಕೊಟ್ಟೊಡನೆ ಮೈತುಂಬ ಹರಡಬಲ್ಲ ಸ್ಟ್ರಾಂಜಿಲಾಯ್ಡಿಸ್ ಹುಳುವೂ ಉಷ್ಣವಲಯದ್ದೇ. ಆದರೆ ಈ ಆಕ್ಷೇಪ ಅನುಭವದ ಮೇಲೆ ಮದ್ದು ಬರೆಯಲು ಪರವಾನಗಿಯಾಗುವುದಿಲ್ಲ. ಇಲ್ಲೇ ಪ್ರಯೋಗ ನಡೆಸಬೇಕೆಂಬ ವಾದವಾಗುತ್ತದೆ. ಅದಕ್ಕೆ ಮಂಗಳೂರು ತಕ್ಕ ಜಾಗ: 2020ರಲ್ಲಿ ತಲಪಾಡಿಯ ಬಳಿ ಕೇರಳದ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡೇ ಈ ನಗರದ ಆಸ್ಪತ್ರೆಗಳನ್ನು ನೆರೆ ಜಿಲ್ಲೆಗಳು ಎಷ್ಟು ನೆಚ್ಚಿಕೊಂಡಿವೆ ಎಂಬುದನ್ನು ತೋರಿಸಿತು. ಕೋವಿಡ್ ಆಸ್ಪತ್ರೆಯಾಗಿದ್ದ ವೆನ್ಲಾಕ್ ಇಲ್ಲಿದೆ, ಅದರ ಜೊತೆ 1955ರಿಂದ ನಂಟಿರುವ ಕಸ್ತೂರ್ಬಾ ವೈದ್ಯಕೀಯ ಕಾಲೇಜು (ಕೆಎಂಸಿ) ಇದೆ, ಫಾದರ್ ಮುಲ್ಲರ್ ಆಸ್ಪತ್ರೆ ಇದೆ, ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳ ಸಾಲೇ ಇದೆ. ಇವೆಲ್ಲ ಒಂದೇ ನಿಯಮಾವಳಿಗೆ ಒಪ್ಪಿ, ಪ್ರತಿ ಮಳೆಗಾಲ ದಾಖಲಾಗುವ ಫ್ಲೂ ರೋಗಿಗಳನ್ನು ಅವರ ಒಪ್ಪಿಗೆ ಪಡೆದು ಒಂದು ಸರಳ ಪ್ರಯೋಗಕ್ಕೆ ಸೇರಿಸಿಕೊಳ್ಳಬೇಕು. ಮದ್ದು ಅಗ್ಗದ್ದಾದ್ದರಿಂದ ಖರ್ಚಿನ ನೆಪವೂ ಉಳಿಯುವುದಿಲ್ಲ. ಅದುವರೆಗೆ ಓದುಗರು ಮಾಡಬಹುದಾದದ್ದು ಇಷ್ಟು: ಜ್ವರ, ಕೆಮ್ಮಿಗೆ ಸ್ಟಿರಾಯ್ಡ್ ಗುಳಿಗೆಯನ್ನು ಅಂಗಡಿಯಿಂದ ತಾವಾಗಿ ತಂದು ನುಂಗಬೇಡಿ. ವೈದ್ಯರೇ ಬರೆದರೆ ಆಕ್ಸಿಜನ್ ಮಟ್ಟ ಎಷ್ಟಿದೆ, ಸಕ್ಕರೆ ಎಷ್ಟಿದೆ, ಎಷ್ಟು ದಿನ ತೆಗೆದುಕೊಳ್ಳಬೇಕು ಎಂದು ಕೇಳಿ. ಬೇರೆ ಕಾಯಿಲೆಗೆಂದು ಬಹುಕಾಲದಿಂದ ಸ್ಟಿರಾಯ್ಡ್ ಸೇವಿಸುತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ಥಟ್ಟನೆ ನಿಲ್ಲಿಸಬಾರದು.