ಏನೂ ಕಾಣದ ಎರಡು ತಿಂಗಳು

ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಲ್ಲಿ ನಿಂತು ಅಂಗೈ ಚಾಚಿ. ಸರಿಸುಮಾರು ಸೆಕೆಂಡಿಗೊಂದರಂತೆ ಮ್ಯೂಆನ್ ಎಂಬ ಕಣ ಅದನ್ನು ತೂರಿಕೊಂಡು ಹೋಗುತ್ತಲೇ ಇರುತ್ತದೆ. ಎಲೆಕ್ಟ್ರಾನಿನ ಜಾತಿಯದೇ, ತೂಕ ಮಾತ್ರ ಸುಮಾರು 207 ಪಟ್ಟು. ಬಾಹ್ಯಾಕಾಶದಿಂದ ಬರುವ ಪ್ರೋಟಾನುಗಳು, ಅಂದರೆ ವಿಶ್ವಕಿರಣಗಳು, ವಾಯುಮಂಡಲಕ್ಕೆ ಬಡಿದಾಗ ಇವು ಹುಟ್ಟುತ್ತವೆ. ತಾರಸಿ, ಗೋಡೆ ಯಾವುದೂ ಇವಕ್ಕೆ ಅಡ್ಡಿಯಲ್ಲ.

ಅಲ್ಲಿಂದ ನಡೆದೇ ಹೋಗಬಹುದಾದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಈ ವಿಶ್ವಕಿರಣಗಳ ಬೆನ್ನು ಹತ್ತಿದವರು ಹೋಮಿ ಭಾಭಾ. 1939ರಲ್ಲಿ ಕೇಂಬ್ರಿಜ್‌ನಿಂದ ರಜೆಗೆಂದು ಬಂದವರು ಯುದ್ಧ ಶುರುವಾದದ್ದರಿಂದ ಇಲ್ಲೇ ಉಳಿದರು; ಸಿ.ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗ ಸೇರಿದರು. ಅಮೆರಿಕದ ಸೇನಾ ವಿಮಾನದಲ್ಲಿ ಉಪಕರಣ ಏರಿಸಿ ಬೆಂಗಳೂರಿನ ಮೇಲೆ 30,000 ಅಡಿಯವರೆಗೂ ಅಳತೆ ಮಾಡಿಸಿದರು. ಅವರು ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್‌ನಲ್ಲಿ ಶುರುವಾದದ್ದೂ ಇದೇ ಆವರಣದಲ್ಲಿ. ವರ್ಷ ತುಂಬುವ ಮೊದಲೇ ಅದು ಮುಂಬಯಿಯ ಪಾಲಾಯಿತು; ನಮ್ಮೂರಿನವರು ಈ ಸಂಗತಿಯನ್ನು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಆಕಾಶದಲ್ಲಿ ಅಳೆದಾಗಿತ್ತು, ಇನ್ನು ಪಾತಾಳ. 1951ರಲ್ಲಿ ಭಾಭಾ ತಮ್ಮ ಸಂಸ್ಥೆಯ ಯುವಕ, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರನ್ನು ಗೈಗರ್ ಕೌಂಟರುಗಳೊಂದಿಗೆ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆಳಕ್ಕೆ ಇಳಿದಷ್ಟೂ ಮ್ಯೂಆನುಗಳು ಕಮ್ಮಿಯಾಗುತ್ತ ಹೋದವು. ಅರವತ್ತರ ದಶಕದ ಆರಂಭದಲ್ಲಿ ಸಂಸ್ಥೆಯ ವಿಜ್ಞಾನಿಗಳು ಸುಮಾರು 2,760 ಮೀಟರ್ ಕೆಳಗೆ ಉಪಕರಣ ಇಟ್ಟು ಎರಡು ತಿಂಗಳು ಕಾದರು. ಒಂದೂ ಬರಲಿಲ್ಲ.

ನನ್ನ ಮಟ್ಟಿಗೆ ಇಡೀ ಕಥೆಯ ರೋಚಕ ಭಾಗ ಈ ಸೊನ್ನೆಯೇ. ಮ್ಯೂಆನುಗಳ ಜೊತೆಗೇ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳು ಭೂಮಿಯನ್ನೇ ದಾಟಿ ಹೋಗಬಲ್ಲವು. ಯಾವಾಗಲೋ ಒಂದು ಮಾತ್ರ ಬಂಡೆಯ ಪರಮಾಣುವಿಗೆ ಡಿಕ್ಕಿ ಹೊಡೆದು ಹೊಸ ಮ್ಯೂಆನನ್ನು ಹುಟ್ಟಿಸುತ್ತದೆ. ನೆಲದ ಮೇಲೆ ಅದನ್ನು ಹುಡುಕುವುದೆಂದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಪಿಸುಮಾತು ಆಲಿಸಿದಂತೆ. ಗದ್ದಲವೇ ಇಲ್ಲದ ಜಾಗ ಈಗ ಸಿಕ್ಕಿತ್ತು.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯ ಒಟ್ಟುಗೂಡಿ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಶೋಧಕಗಳನ್ನು ನಿಲ್ಲಿಸಿದವು. ಇಲ್ಲಿ ಅಷ್ಟೋ ಇಷ್ಟೋ ಮಾಮೂಲಿ ಮ್ಯೂಆನ್ ಬಂದರೂ ಅದು ನೆತ್ತಿಯ ಕಡೆಯಿಂದಲೇ ಬರಬೇಕು. ಓರೆಯಾಗಿ ಬರಹೊರಟರೆ ದಾಟಬೇಕಾದ ಬಂಡೆ ಹಲವು ಪಟ್ಟು ದಪ್ಪ. ಹಾಗಾಗಿ ಉಪಕರಣವನ್ನು ಅಡ್ಡಲಾಗಿ ಹಾಯ್ದ ಗೆರೆ ಕಂಡರೆ ಅದರ ಹಿಂದೆ ನ್ಯೂಟ್ರಿನೊ ಇದೆ ಎಂದೇ ಲೆಕ್ಕ. 1965ರಲ್ಲಿ ಅಂಥ ಗೆರೆಗಳು ಸಿಕ್ಕವು. ವಾಯುಮಂಡಲದ ನ್ಯೂಟ್ರಿನೊ ಕೈಗೆ ಸಿಕ್ಕಿತ್ತು! ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಭೌತವಿಜ್ಞಾನಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಅದೇ ವರ್ಷ ಅದನ್ನು ಕಂಡಿತು. ಅವರಿಗೆ ಕಂಡದ್ದು ಮೊದಲು, ಅಚ್ಚಾಗಿ ಬಂದದ್ದು ಕೋಲಾರದ ಪ್ರಬಂಧ ಮೊದಲು.

ಎಂಬತ್ತರ ದಶಕದಲ್ಲಿ ಅದೇ ಗಣಿಯಲ್ಲಿ 140 ಟನ್ನಿನ ಶೋಧಕ ಕಟ್ಟಿ ಪ್ರೋಟಾನ್ ತಾನಾಗಿ ಒಡೆಯುವುದನ್ನು ಕಾದರು. 1992ರಲ್ಲಿ ಪ್ರಯೋಗಗಳು ನಿಂತವು. ಪ್ರೋಟಾನ್ ಒಡೆದದ್ದನ್ನು ಜಗತ್ತಿನಲ್ಲಿ ಇನ್ನೂ ಯಾರೂ ಖಚಿತವಾಗಿ ಕಂಡಿಲ್ಲ.