ಗಲ್ಫಿನಲ್ಲಿ ಮಕ್ಕಳೊಂದಿಗೆ ಒಂಬತ್ತು ವರ್ಷ: ನಾವು ಕಲಿತದ್ದು, ತಡವಾಗಿ ಕಲಿತದ್ದು

ಮದ್ದೂರು ತಾಲೂಕಿನ ಆತಗೂರಿಗೆ ನಾವು ಬಂದು ಒಂದು ವಾರ ಆಗಿತ್ತಷ್ಟೆ. ಹಿರಿಯ ಮಗನ ಕೈಯಲ್ಲಿ ನೂರು ರೂಪಾಯಿ ಕೊಟ್ಟು ಬೆಲ್ಲ ತರಲು ಅಂಗಡಿಗೆ ಕಳಿಸಿದೆವು. ಅಂಗಡಿಯವರು ಪ್ರೀತಿಯಿಂದಲೇ "ಏನ್ಲಾ ಮಗಾ, ಏನ್ ಬೇಕ್ಲಾ?" ಎಂದು ಕೇಳಿದ್ದಾರೆ. ಹನ್ನೆರಡು ವರ್ಷದ ಹುಡುಗ ಬಾಯಿ ಬಿಡಲಿಲ್ಲ. ಬೆಲ್ಲಕ್ಕೆ ಅವನಿಗೆ ಗೊತ್ತಿದ್ದದ್ದು ಇಂಗ್ಲಿಷ್ ಹೆಸರು ಮಾತ್ರ. ಸುತ್ತ ಕಬ್ಬಿನ ಗದ್ದೆ, ಆಲೆಮನೆ ಇರುವ ಬೆಲ್ಲದ ಸೀಮೆಯಿಂದ ಹುಡುಗ ಬರಿಗೈಯಲ್ಲಿ ವಾಪಸು ಬಂದ. ಅಂದು ರಾತ್ರಿ ಊಟ ಮಾಡದೆ ಮಲಗಿದ.

ಅವನನ್ನು ಗದರಿಸಲು ನಮಗೆ ಮುಖ ಇರಲಿಲ್ಲ. ತಪ್ಪು ಅವನದ್ದಲ್ಲ, ನಮ್ಮದು.

ನಮ್ಮ ಊರು ಬಂಟ್ವಾಳದ ಕಡೆ. ಸೌದಿಯ ಜುಬೈಲಿನಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತನ ಕೆಲಸ, ಸಂಜೆ ನಮ್ಮವರ ಮಕ್ಕಳಿಗೆ ಓದಿಸುವುದು, ಹೀಗೆ ದಿನ ಹೋಗುತ್ತಿತ್ತು. 2009ರಲ್ಲಿ ಫ್ಯಾಮಿಲಿ ವೀಸಾ ಸಿಕ್ಕಿತು. ಹಿರಿಯವನಿಗೆ ಆಗ ಮೂರು ವರ್ಷ, ಮಗಳು ಕೈಗೂಸು. ಕಿರಿಯವನು ಅಲ್ಲೇ ಹುಟ್ಟಿದ. 2018ರಲ್ಲಿ ಫೈನಲ್ ಎಕ್ಸಿಟ್ ಹಾಕಿ ಬಂದೆವು. ಊರಲ್ಲಿ ಕೆಲಸ ಹುಡುಕುತ್ತಿದ್ದಾಗ ಆತಗೂರು ಹೋಬಳಿಯಲ್ಲಿ ಮದ್ರಸಕ್ಕೆ ಉಸ್ತಾದರು ಬೇಕಂತೆ ಎಂದು ಪರಿಚಯದವರು ಹೇಳಿದರು. ಹಾಗೆ ಇಲ್ಲಿಗೆ ಬಂದೆವು.

ಈಗಲೂ ಗಲ್ಫಿನಲ್ಲಿರುವ ಹುಡುಗರು ಫೋನ್ ಮಾಡಿ ಕೇಳುತ್ತಾರೆ: "ಉಸ್ತಾದ್, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾ, ಬೇಡವಾ?" ಒಂದು ಮಾತಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಅದಕ್ಕೇ ನಮ್ಮ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇವೆ.

ಒಟ್ಟಿಗೆ ಇದ್ದದ್ದು ನಷ್ಟ ಅಲ್ಲ

ಮೊದಲು ಒಳ್ಳೆಯದನ್ನೇ ಹೇಳೋಣ. ನಮ್ಮ ಸಮುದಾಯದ ಎಷ್ಟೋ ಮಕ್ಕಳಿಗೆ ಉಪ್ಪ ಅಂದರೆ ಎರಡು ವರ್ಷಕ್ಕೊಮ್ಮೆ ಪೆಟ್ಟಿಗೆ ತರುವವರು. ನಮ್ಮ ಮಕ್ಕಳಿಗೆ ಹಾಗಾಗಲಿಲ್ಲ. ಜ್ವರ ಬಂದಾಗ ನಾವು ಹತ್ತಿರ ಇದ್ದೆವು. ಮೊದಲ ನೋಂಬು ಹಿಡಿದ ದಿನ ಒಟ್ಟಿಗೇ ತುರಿದೆವು. ಕುರ್‌ಆನ್ ಓದುವಾಗ ಅಕ್ಷರಗಳ ಉಚ್ಚಾರ ಅವರಿಗೆ ಎಳವೆಯಲ್ಲೇ ಚೆನ್ನಾಗಿ ಬಂತು. ಕಟ್ಟಡದಲ್ಲಿ ಕೇರಳದವರು, ಹೈದರಾಬಾದಿನವರು, ಪಾಕಿಸ್ತಾನದವರು, ಈಜಿಪ್ಟಿನವರು ಎಲ್ಲರೂ ಇದ್ದರು. ಬೇರೆ ಭಾಷೆಯವರನ್ನು ಕಂಡರೆ ಹೆದರದ ಬುದ್ಧಿ ಮಕ್ಕಳಿಗೆ ಅಲ್ಲಿ ಬಂತು. ಅದು ಇಂದಿಗೂ ಉಂಟು.

ಆದರೆ ಅಲ್ಲಿಯ ಜೀವನ ಹೆಚ್ಚೂ ಕಡಿಮೆ ನಾಲ್ಕು ಗೋಡೆಯ ಒಳಗಿನದ್ದು. ಬೇಸಗೆಯಲ್ಲಿ 45 ಡಿಗ್ರಿ ದಾಟುವ ಬಿಸಿಲು. ಶಾಲೆ, ಫ್ಲ್ಯಾಟು, ಶುಕ್ರವಾರ ಜುಮಾ, ಸಂಜೆ ಸಮುದ್ರದ ಬದಿ. ಅಂಗಡಿಗೆ ಹೋಗಿ ಸಾಮಾನು ತರುವುದು, ನೆಂಟರ ಮನೆಯಲ್ಲಿ ಎರಡು ದಿನ ಉಳಿಯುವುದು, ಮಯ್ಯತ್ತಿನ ಮನೆಯಲ್ಲಿ ಸುಮ್ಮನೆ ಕೂರುವುದು, ಇವೆಲ್ಲ ಊರಿನ ಮಕ್ಕಳು ಯಾರೂ ಹೇಳಿಕೊಡದೆ ಕಲಿಯುತ್ತಾರೆ. ನಮ್ಮ ಮಕ್ಕಳು ಕಲಿಯಲಿಲ್ಲ.

"ಫೋನಿನಲ್ಲಿರುವ ಅಜ್ಜನಾ?"

2015ರಲ್ಲಿ ಊರಲ್ಲಿ ಉಪ್ಪ ತೀರಿಕೊಂಡರು. ಸುದ್ದಿ ಬಂದಾಗ ಮಕ್ಕಳಿಗೆ ಪರೀಕ್ಷೆ. ರೀ-ಎಂಟ್ರಿ ಮಾಡಿಸಿ ಹೊರಡುವ ಹೊತ್ತಿಗೆ ಇಲ್ಲಿ ದಫನ ಮುಗಿದಿತ್ತು. ಆರು ವರ್ಷದ ಮಗಳು ಕೇಳಿದಳು: "ಯಾರು? ಫೋನಿನಲ್ಲಿರುವ ಅಜ್ಜನಾ?"

ಅವಳು ತಮಾಷೆ ಮಾಡಲಿಲ್ಲ, ತಪ್ಪೂ ಹೇಳಲಿಲ್ಲ. ಅವಳ ಪಾಲಿಗೆ ಅಜ್ಜ ಶುಕ್ರವಾರ ಮಧ್ಯಾಹ್ನ ಫೋನಿನಲ್ಲಿ ಐದು ನಿಮಿಷ ಕಾಣುವ ಒಂದು ಮುಖ. ಉಪ್ಪ ಬ್ಯಾರಿಯಲ್ಲಿ ಏನಾದರೂ ಕೇಳಿದರೆ ಇವರು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ನಾವು ನಡುವೆ ಕೂತು ಇಬ್ಬರಿಗೂ ತರ್ಜುಮೆ ಮಾಡುವುದು. ಅದನ್ನೇ ಸಂಬಂಧ ಎಂದುಕೊಂಡಿದ್ದೆವು.

ಊರಿಗೆ ಬರುತ್ತಿದ್ದದ್ದು ಎರಡು ವರ್ಷಕ್ಕೊಮ್ಮೆ, ಅದೂ ಶಾಲೆಗೆ ರಜೆ ಇರುವ ಜುಲೈ–ಆಗಸ್ಟಿನಲ್ಲಿ. ವಿಮಾನದ ಟಿಕೆಟಿಗೆ ಬೆಂಕಿ ರೇಟು ಇರುವ ಸಮಯ. ಇಲ್ಲಿ ಜಡಿಮಳೆ. ಹಾಗಾಗಿ ಊರು ಅಂದರೆ ಯಾವಾಗಲೂ ಮಳೆ ಬರುವ ಜಾಗ ಎಂದೇ ಮಕ್ಕಳು ತಿಳಿದಿದ್ದರು. ಹದಿನೈದು ದಿನ ನೆಂಟರ ಮನೆ, ಮದುವೆ, ಪೇಟೆ ಎಂದು ಓಡಾಡುವುದೇ ಆಯಿತು. ಉಮ್ಮನ ಹತ್ತಿರ ಒಂದು ದಿನ ಸುಮ್ಮನೆ ಕೂರಲು ಮಕ್ಕಳನ್ನು ನಾವು ಬಿಡಲಿಲ್ಲ.

ಈಗ ಕೇಳುವವರಿಗೆ ನಾವು ಹೇಳುವುದು ಇಷ್ಟೆ. ರಜೆಯಲ್ಲಿ ಬಂದಾಗ ಅರ್ಧ ದಿನಗಳನ್ನಾದರೂ ಅಜ್ಜ–ಅಜ್ಜಿಯರ ಮನೆಗೇ ಇಟ್ಟುಬಿಡಿ. ಫೋನಿನಲ್ಲಿ ಮಕ್ಕಳ ಪರವಾಗಿ ನೀವು ಮಾತಾಡಬೇಡಿ. ತಡವರಿಸಲಿ, ತಪ್ಪು ಹೇಳಲಿ, ಅವರೇ ಮಾತಾಡಲಿ.

ಭಾಷೆ ತಾನಾಗಿ ಬರುವುದಿಲ್ಲ

"ಬ್ಯಾರಿ ನಮ್ಮ ಮನೆಮಾತು, ಅದನ್ನು ಕಲಿಸಲು ಏನುಂಟು? ಕನ್ನಡ ಊರಿಗೆ ಹೋದರೆ ತಾನೇ ಬರುತ್ತದೆ." ನಾವು ಹೀಗೇ ಯೋಚಿಸಿದ್ದೆವು. ಎರಡೂ ಸುಳ್ಳಾಯಿತು. ಮಕ್ಕಳ ಸಿಬಿಎಸ್‌ಇ ಶಾಲೆಯಲ್ಲಿ ಅವರಿಗೆ ಸಿಕ್ಕಿದ್ದು ಇಂಗ್ಲಿಷ್, ಹಿಂದಿ, ಅರಬಿ. ಶಾಲೆಯಲ್ಲಿ ಹಿಂದುಳಿಯಬಾರದು ಎಂದು ಮನೆಯಲ್ಲೂ ನಾವೇ ಇಂಗ್ಲಿಷ್ ಸೇರಿಸಿದೆವು. ಕೊನೆಗೆ ಬ್ಯಾರಿ ಅವರಿಗೆ ಅರ್ಥ ಆಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಕನ್ನಡ ಎರಡೂ ಇಲ್ಲ.

ಊರಿಗೆ ವಾಪಸಾಗುವ ಮಗುವಿಗೆ ಕನ್ನಡ ತಪ್ಪಿಸಿಕೊಳ್ಳುವ ವಿಷಯ ಅಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಬಳಿಕ ಯಾವ ಬೋರ್ಡಿನ ಶಾಲೆಯಾದರೂ ರಾಜ್ಯದಲ್ಲಿ ಕನ್ನಡ ಕಲಿಸಲೇಬೇಕು. ಕಾಯ್ದೆ ಬಿಡಿ, ಬಸ್ಸಿನ ಬೋರ್ಡು ಓದಲು, ಪಹಣಿ ನೋಡಲು, ನೆರೆಮನೆಯವರ ಕಷ್ಟ ಕೇಳಲು ಕನ್ನಡ ಬೇಡವಾ?

ಎಂಟನೇ ಕ್ಲಾಸಿಗೆ ಸೇರಿದ ಮಗ ಮೊದಲ ಕಿರುಪರೀಕ್ಷೆಯ ಕನ್ನಡ ಉತ್ತರಪತ್ರಿಕೆಯಲ್ಲಿ ಹೆಸರೊಂದನ್ನು ಬರೆದು ಬಂದ. ಅದೂ ಇಂಗ್ಲಿಷಿನಲ್ಲಿ. ಶಾಲೆಯ ಕನ್ನಡ ಮೇಷ್ಟ್ರು ನಮ್ಮನ್ನು ಕರೆಸಿದರು. ಬೈಯುತ್ತಾರೆ ಎಂದುಕೊಂಡು ಹೋದರೆ, ಒಂದನೇ ಕ್ಲಾಸಿನ ಪುಸ್ತಕ ಕೊಟ್ಟು, "ನಾಚಿಕೆ ಪಟ್ಕೊಬೇಡಿ ಸಾಬ್ರೇ, ಸಂಜೆ ಅರ್ಧ ಗಂಟೆ ಕಳ್ಸಿ, ನಾನ್ ನೋಡ್ಕತೀನಿ" ಎಂದರು. ಹುಡುಗ ಆ ಪುಸ್ತಕವನ್ನು ಗೆಳೆಯರಿಗೆ ಕಾಣದ ಹಾಗೆ ಬ್ಯಾಗಿನ ಅಡಿಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದ. ಮನೆಯಲ್ಲಿ ತಂಗಿಯೇ ಅವನಿಗೆ ಕಾಗುಣಿತ ಹೇಳಿಸುತ್ತಿದ್ದಳು. ನಾಲ್ಕನೇ ಕ್ಲಾಸಿಗೆ ಬಂದ ಅವಳಿಗೆ ಅಷ್ಟು ಕಷ್ಟ ಆಗಲಿಲ್ಲ. ಒಂದನೇ ಕ್ಲಾಸಿನಿಂದಲೇ ಶುರು ಮಾಡಿದ ಕಿರಿಯವನಿಗಂತೂ ಗೊತ್ತೇ ಆಗಲಿಲ್ಲ.

ಇದರಿಂದ ನಾವು ಕಲಿತದ್ದು: ವಾಪಸು ಬರುವುದಿದ್ದರೆ ಮಗು ಸಣ್ಣದಿರುವಾಗಲೇ ಬನ್ನಿ. ಆಗದಿದ್ದರೆ ಅಲ್ಲೇ ವಾರಕ್ಕೆ ಎರಡು ದಿನವಾದರೂ ಕನ್ನಡ ಅಕ್ಷರ ಹೇಳಿಕೊಡಿ. ದುಬೈಯಲ್ಲಿ ಕನ್ನಡ ಮಿತ್ರರು ಎಂಬ ಸಂಘಟನೆಯವರು ಮಕ್ಕಳಿಗೆ ಉಚಿತವಾಗಿ ಕನ್ನಡ ಪಾಠಶಾಲೆ ನಡೆಸುತ್ತಾ ಬಂದಿದ್ದಾರೆ. ಹತ್ತಿರ ಇರುವವರು ಅದರ ಪ್ರಯೋಜನ ಪಡೆಯಬೇಕು. ಬ್ಯಾರಿಗೆ ಶಾಲೆ ಇಲ್ಲ, ಮನೆಯೇ ಶಾಲೆ. ನಮ್ಮ ಭಾಷೆಗೆ ಸಾಹಿತ್ಯ ಅಕಾಡೆಮಿ ಬಂತು, "ಬ್ಯಾರಿ" ಸಿನೆಮಾಕ್ಕೆ 2011ನೇ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಊಟದ ಹೊತ್ತಿಗೆ ಮನೆಯಲ್ಲಿ ಬ್ಯಾರಿ ಮಾತಾಡದಿದ್ದರೆ ಇದೆಲ್ಲ ಇದ್ದು ಏನು ಪ್ರಯೋಜನ?

ಲೆಕ್ಕವನ್ನು ಮಕ್ಕಳಿಗೂ ಹೇಳಿ

2017ರ ಜುಲೈಯಿಂದ ಸೌದಿಯಲ್ಲಿ ಕುಟುಂಬದ ಒಬ್ಬೊಬ್ಬ ಸದಸ್ಯರಿಗೆ ತಿಂಗಳಿಗೆ 100 ರಿಯಾಲ್ ಲೆವಿ ಬಂತು. ವರ್ಷಕ್ಕೆ ನೂರು ನೂರು ಏರಿ 2020ಕ್ಕೆ 400 ಆಗುವುದೆಂದು ಮೊದಲೇ ಹೇಳಿದ್ದರು. ನಮ್ಮ ಮನೆಯಲ್ಲಿ ನಾಲ್ಕು ಮಂದಿಗೆ ಕಟ್ಟಬೇಕಿತ್ತು. ಮೊದಲ ವರ್ಷ 4,800 ರಿಯಾಲ್, ಮರುವರ್ಷ 9,600, ಕೊನೆಗೆ 19,200. ಇಕಾಮಾ ನವೀಕರಿಸುವಾಗ ವರ್ಷದ್ದು ಒಟ್ಟಿಗೇ ಕಟ್ಟಬೇಕು. ಮನೆಬಾಡಿಗೆ, ಶಾಲೆಯ ಫೀಸು ಬೇರೆ. ರಾತ್ರಿ ಎರಡು ಸಲ ಕೂಡಿ ಕಳೆದು ನೋಡಿದೆವು. ಉಳಿಯುವ ದಾರಿ ಕಾಣಲಿಲ್ಲ.

ನಾವು ಮಾಡಿದ ದೊಡ್ಡ ತಪ್ಪೆಂದರೆ ಇದನ್ನು ಮಕ್ಕಳಿಗೆ ಹೇಳದೆ ಇದ್ದದ್ದು. "ರಜೆಗೆ ಹೋಗುವುದು" ಎಂದೇ ಕರೆದುಕೊಂಡು ಬಂದೆವು. ಹಿರಿಯವನು ಗೆಳೆಯರಿಗೆ ಸಲಾಂ ಹೇಳದೆ, ಸೈಕಲನ್ನು ಕೆಳಗೆ ಬೀಗ ಹಾಕಿ ಇಟ್ಟು ಬಂದಿದ್ದ. ಇನ್ನು ಹಿಂದೆ ಹೋಗುವುದಿಲ್ಲ ಎಂದು ಗೊತ್ತಾದ ದಿನ ಅವನು ಹೇಳಿದ: "ನೀವು ಊರಿಗೆ ಬಂದದ್ದು. ನಾನು ಊರು ಬಿಟ್ಟು ಬಂದದ್ದು." ಆ ಮಾತು ಇನ್ನೂ ಕಿವಿಯಲ್ಲಿ ಉಂಟು. ಬಹಳ ದಿನ ಅವನು ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಆ ಲೆಕ್ಕ ಬರೆದ ಚೀಟಿಯನ್ನೇ ಅವನ ಮುಂದೆ ಇಟ್ಟು, "ನಿನ್ನಿಂದ ಮುಚ್ಚಿಟ್ಟದ್ದು ತಪ್ಪಾಯಿತು ಮಗಾ" ಎಂದೆವು. ಮಕ್ಕಳ ಹತ್ತಿರ ತಪ್ಪು ಒಪ್ಪಿಕೊಂಡರೆ ಹಿರಿತನ ಕಡಿಮೆ ಆಗುವುದಿಲ್ಲ. ಅವನು ಸೈಕಲಿನ ಬೀಗದ ಕೈಯನ್ನು ತಂದು ನಮ್ಮ ಕೈಗೆ ಕೊಟ್ಟ.

ಗಲ್ಫು ಬಾಡಿಗೆ ಮನೆ

ಗಲ್ಫಿನಲ್ಲಿ ಹುಟ್ಟಿದರೂ ನಮ್ಮ ಮಕ್ಕಳಿಗೆ ಅಲ್ಲಿನ ಪೌರತ್ವ ಇಲ್ಲ. ಬಿಡಬೇಕಾಗಿ ಬರುವ ದಿನ ಹೇಳಿ ಕೇಳಿ ಬರುವುದಿಲ್ಲ. 1990ರಲ್ಲಿ ಕುವೈತಿನಿಂದ ಒಂದೂಮುಕ್ಕಾಲು ಲಕ್ಷದಷ್ಟು ಭಾರತೀಯರು ಉಟ್ಟ ಬಟ್ಟೆಯಲ್ಲಿ ಬಂದರು. 2020ರ ಮೇಯಲ್ಲಿ ವಂದೇ ಭಾರತ್ ವಿಮಾನಗಳಲ್ಲಿ ಕೆಲಸ ಕಳೆದುಕೊಂಡವರು, ಗರ್ಭಿಣಿಯರು ಮಂಗಳೂರಿಗೆ ಇಳಿದದ್ದನ್ನು ನಾವೆಲ್ಲ ನೋಡಿದ್ದೇವೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ದುರಂತಕ್ಕೀಡಾಗಿ 158 ಮಂದಿ ತೀರಿಹೋದರು. ಉಳಿದವರು ಎಂಟೇ ಜನ. ಅಂದು ರಾತ್ರಿ ನಾವು ಗಂಡ ಹೆಂಡತಿ ಕೂತು ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟೆವು. ಯಾರಿಗೆ ಎಷ್ಟು ಸಾಲ ಕೊಡಬೇಕು, ಯಾರಿಂದ ಬರಬೇಕು, ಬ್ಯಾಂಕ್ ಯಾವುದು, ಊರಲ್ಲಿ ಕಾಗದಪತ್ರ ಯಾರ ಕೈಯಲ್ಲಿ. ಒಂದು ಪ್ರತಿ ಊರಿಗೆ ಕಳಿಸಿದೆವು. ಇದನ್ನು ಎಲ್ಲರೂ ಮಾಡಬೇಕು.

ಹಾಗೆಯೇ ಅಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ತಡ ಮಾಡಿದರೆ ಪೌರತ್ವದ ವಿಷಯದಲ್ಲೇ ತೊಡಕು ಬರುತ್ತದೆ. ಹೊರಡುವ ಮೊದಲು ಮಕ್ಕಳ ಟಿ.ಸಿ., ಅಂಕಪಟ್ಟಿ, ಲಸಿಕೆ ಕಾರ್ಡು ಎಲ್ಲ ಕೈಗೆ ಬಂತಾ ನೋಡಿ. ಮತ್ತೆ ತರಿಸುವುದು ಎಂದರೆ ಅಲ್ಲಿರುವ ಗೆಳೆಯರ ಕೈಕಾಲು ಹಿಡಿಯಬೇಕು.

ಮೊದಲ ವರ್ಷ ತಾಳಿಕೊಳ್ಳಿ

ಆತಗೂರು ನಮಗೂ ಒಂದು ಪರದೇಶವೇ ಆಗಿತ್ತು. ಮಸೀದಿಯ ಅಂಗಳದಲ್ಲಿ ಕೇಳುವುದು ಉರ್ದು, ಬೀದಿಯಲ್ಲಿ ಮಂಡ್ಯದ ಕನ್ನಡ, ಮನೆಯಲ್ಲಿ ಬ್ಯಾರಿ. ನಾವು "ಎಂತ ಮಾರಾಯ್ರೆ" ಎಂದರೆ ಇಲ್ಲಿಯವರಿಗೆ ನಗು. ಪತ್ತಿರ್ ಮಾಡಿ ನೆರೆಮನೆಗೆ ಕೊಟ್ಟರೆ ಅವರು ಪಾತ್ರೆಯನ್ನು ಖಾಲಿ ವಾಪಸು ಕೊಡಲಿಲ್ಲ, ಉಪ್ಸಾರು ಹಾಕಿ ಕೊಟ್ಟರು. ಕಿರಿಯವನು ಈಗ ಮುದ್ದೆಯನ್ನು ಅಗಿಯದೆ ನುಂಗುತ್ತಾನೆ. ಮೀನಿನ ಸಾರಿಗೆ ಮುದ್ದೆ ಬೇಕು ಎನ್ನುತ್ತಾನೆ, ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಆದರೆ ಆ ಮೊದಲ ವರ್ಷ ಕಷ್ಟವೇ. "ಗಲ್ಫಿನವರ ಮಕ್ಕಳು, ಜಂಬ" ಎಂದು ನೆಂಟರು ಹೇಳುತ್ತಾರೆ. ಅದು ಜಂಬ ಅಲ್ಲ, ಮಾತು ಬಾರದ ಸಂಕಟ. ಅಂಥ ಮಗು ನಿಮ್ಮ ಮದ್ರಸಕ್ಕೆ, ನಿಮ್ಮ ಮನೆಗೆ ಬಂದರೆ ತಮಾಷೆ ಮಾಡಬೇಡಿ. ಅಂಗಡಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಮದ್ರಸದಲ್ಲಿ ನಾವು ಹೊಸ ಮಗುವಿಗೆ ಮೊದಲ ದಿನ ಓದಲು ಹೇಳುವುದಿಲ್ಲ, ಪಕ್ಕದಲ್ಲಿ ಒಬ್ಬ ಗೆಳೆಯನನ್ನು ಕೂರಿಸುತ್ತೇವೆ. ಇದು ನಮ್ಮ ಮಗನಿಂದ ಕಲಿತ ಪಾಠ.

ಮಗ 2021ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ. ಕೊರೊನಾದಿಂದಾಗಿ ಆ ವರ್ಷ ಪರೀಕ್ಷೆ ಎರಡೇ ದಿನ, ಅದೂ ಸರಿ ಉತ್ತರ ಗುರುತಿಸುವುದು ಮಾತ್ರ. ಹಾಗಾಗಿ ಅಂಕದ ಬಗ್ಗೆ ನಾವು ಜಂಬ ಕೊಚ್ಚುವುದಿಲ್ಲ. ಹೇಳಬೇಕಾದದ್ದು ಬೇರೆ. ನಮ್ಮ ಉಮ್ಮನಿಗೆ ಕನ್ನಡ ಓದಲು ಬಾರದು. ಈಗ ವಾರಕ್ಕೊಮ್ಮೆ ಈ ಪುಟ ಬಂದ ದಿನ ಅವನು ಫೋನ್ ಮಾಡಿ ಕನ್ನಡದಲ್ಲಿ ಓದಿ, ಬ್ಯಾರಿಯಲ್ಲಿ ಅರ್ಥ ಹೇಳುತ್ತಾನೆ. ಉಮ್ಮ ನಡುನಡುವೆ ಅವನ ಬ್ಯಾರಿ ತಿದ್ದುತ್ತಾರೆ. ಉಪ್ಪನಿಗೆ ಈ ಭಾಗ್ಯ ಸಿಗಲಿಲ್ಲ.

ಆದ್ದರಿಂದ, ಕರೆಸಿಕೊಳ್ಳಲಾ ಬೇಡವಾ ಎಂದು ಕೇಳುವವರಿಗೆ ನಮ್ಮ ಮಾತು: ಸಾಧ್ಯವಾದರೆ ಕರೆಸಿಕೊಳ್ಳಿ, ಒಟ್ಟಿಗಿರಿ. ಆದರೆ ಎಷ್ಟು ವರ್ಷ ಎಂದು ಮೊದಲೇ ನಿಶ್ಚಯ ಮಾಡಿ, ಆ ದಿನವನ್ನು ಮಕ್ಕಳಿಗೂ ಹೇಳಿ. ಇಂದು ರಾತ್ರಿ ಊಟಕ್ಕೆ ಕೂತಾಗ ಬ್ಯಾರಿಯಲ್ಲೇ ಮಾತು ಶುರು ಮಾಡಿ.