ನಾಯಿಗಳ ಉಣ್ಣಿಜ್ವರವೂ ಪ್ರತಿಜೀವಕ ಔಷಧಗಳ ಉಪಯೋಗವೂ

ಹೊಲ, ತೋಟ, ಕಣ, ಕುರಿಹಟ್ಟಿ ಇವುಗಳನ್ನು ಕಾಯುವ ನಾಯಿಯು ರೈತನಿಗೆ ಸಂಬಳವಿಲ್ಲದ ಕಾವಲುಗಾರನೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಆದರೆ ಎತ್ತು ಮೇವು ಬಿಟ್ಟರೆ ಆ ದಿನವೇ ಪಶುವೈದ್ಯರನ್ನು ಕರೆಸುವ ಜಮೀನುದಾರರು, ನಾಯಿಯು ಅನ್ನ ಬಿಟ್ಟರೆ ಔಷಧದಂಗಡಿಯಿಂದ ನಾಲ್ಕು ಗುಳಿಗೆಗಳನ್ನು ತರಿಸಿ ಹಾಕಿ ಸುಮ್ಮನಾಗುವುದುಂಟು. ಹೀಗೆ ತರಿಸುವ ಗುಳಿಗೆಗಳಲ್ಲಿ ಪ್ರತಿಜೀವಕಗಳು, ಎಂದರೆ ವಾಡಿಕೆಯಲ್ಲಿ ಆಂಟಿಬಯೋಟಿಕ್ ಎನ್ನುವ ಔಷಧಗಳು, ಅನೇಕವಿರುತ್ತವೆ. ಕ್ರಮವರಿತು ಕೊಟ್ಟರೆ ಇವು ಪ್ರಾಣ ಉಳಿಸುವುವು. ಕ್ರಮ ತಪ್ಪಿದರೆ ಹಣವೂ ಹೋಗಿ ನಾಯಿಯೂ ಹೋಗುವುದು. ಉಣ್ಣಿಜ್ವರವೆಂಬ ಒಂದು ರೋಗವನ್ನು ತೆಗೆದುಕೊಂಡು ಇದನ್ನು ವಿವರಿಸುತ್ತೇವೆ.

ಈ ಜ್ವರವನ್ನುಂಟುಮಾಡುವ ಸೂಕ್ಷ್ಮಜೀವಿಗೆ ಎರ್ಲಿಕಿಯಾ ಕೇನಿಸ್ ಎಂದು ಹೆಸರು. 1935ರಲ್ಲಿ ಆಲ್ಜೀರಿಯಾ ದೇಶದಲ್ಲಿ ಇದನ್ನು ಮೊದಲು ಗುರುತಿಸಿದರು. ವಿಯಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ಸೇನೆಯ ಕಾವಲುನಾಯಿಗಳು ಅನೇಕವಾಗಿ ಇದರಿಂದ ಸತ್ತವು. ನಮ್ಮ ಸೀಮೆಯಲ್ಲಿಯೂ ಈ ರೋಗವು ಸಾಮಾನ್ಯವೇ. ನಾಯಿಯ ಕಿವಿಯಲ್ಲಿಯೂ ಕಾಲ್ಬೆರಳ ಸಂದಿನಲ್ಲಿಯೂ ಕಚ್ಚಿಕೊಂಡಿರುವ ಕಂದುಬಣ್ಣದ ಉಣ್ಣಿ ಅಥವಾ ಉಣುಗು ಇದನ್ನು ಒಂದು ನಾಯಿಯಿಂದ ಮತ್ತೊಂದಕ್ಕೆ ಒಯ್ಯುತ್ತದೆ. ಕಚ್ಚಿದ ಒಂದರಿಂದ ಮೂರು ವಾರಗಳೊಳಗೆ ನಾಯಿಯು ಮಂಕಾಗಿ, ಜ್ವರ ಬಂದು, ಆಹಾರ ಬಿಡುವುದು. ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗುವುದರಿಂದ ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆಗಳೇಳುವುದೂ, ಮೂಗಿನಿಂದ ರಕ್ತ ಸೋರುವುದೂ, ವಸಡು ಬಿಳಿಚಿಕೊಳ್ಳುವುದೂ ಉಂಟು. ಕೆಲವು ನಾಯಿಗಳು ತಾವಾಗಿಯೇ ಗುಣವಾದಂತೆ ತೋರಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಸವೆದು ಸಾಯುವುವು.

ಇದಕ್ಕೆ ತಕ್ಕ ಔಷಧವು ಡಾಕ್ಸಿಸೈಕ್ಲಿನ್. ಸಾಧಾರಣವಾದ ಪ್ರಮಾಣವು ನಾಯಿಯ ತೂಕದ ಕಿಲೋ ಒಂದಕ್ಕೆ ದಿನಕ್ಕೆ 10 ಮಿಲಿಗ್ರಾಂ. ಅವಧಿಯು 28 ದಿನಗಳು. ಹದಿನೈದು ಕಿಲೋ ತೂಗುವ ನಾಯಿಗೆ ಲೆಕ್ಕ ಹಾಕಿದರೆ 100 ಮಿಲಿಗ್ರಾಂ ಗುಳಿಗೆ ದಿನಕ್ಕೆ ಒಂದೂವರೆ, ಒಟ್ಟು 42 ಗುಳಿಗೆಗಳಾಗುವುವು. ನಾಲ್ಕು ಗುಳಿಗೆಗಳಿಗೂ ಇದಕ್ಕೂ ಇರುವ ಅಂತರವನ್ನು ವಾಚಕರೇ ನೋಡಬಹುದು. ಮೋಸವಾಗುವುದು ಇಲ್ಲಿಯೇ. ರೋಗವು ಹೊಸದಾಗಿದ್ದರೆ ಔಷಧ ಮೊದಲಾದ ಎರಡು ಮೂರು ದಿನಗಳಲ್ಲಿ ನಾಯಿಯು ಎದ್ದು ಬಾಲವಾಡಿಸುತ್ತದೆ. ಯಜಮಾನನು ಮಿಕ್ಕ ಗುಳಿಗೆಗಳನ್ನು ಗೂಡಿನಲ್ಲಿಟ್ಟುಬಿಡುತ್ತಾನೆ. ಆದರೆ ಈ ಔಷಧವು ರೋಗಾಣುವನ್ನು ಒಂದೇ ಪೆಟ್ಟಿಗೆ ಕೊಲ್ಲುವಂಥದಲ್ಲ, ಅದರ ವೃದ್ಧಿಯನ್ನು ತಡೆಯುವಂಥದು. ಬಿಳಿಯ ರಕ್ತಕಣಗಳೊಳಗೆ ಅಡಗಿರುವ ರೋಗಾಣುವು ಅರ್ಧಕ್ಕೆ ಬಿಟ್ಟ ಚಿಕಿತ್ಸೆಯ ಬಳಿಕ ಪುನಃ ತಲೆಯೆತ್ತಬಹುದು.

ಗುಳಿಗೆಯನ್ನು ಅನ್ನದೊಡನೆ ಕೊಟ್ಟು ಮೇಲೆ ನೀರು ಕುಡಿಸತಕ್ಕದ್ದು; ಒಣಗುಳಿಗೆಯು ಅನ್ನನಾಳದಲ್ಲಿ ನಿಂತರೆ ಹುಣ್ಣಾಗುವುದು. ಹಾಲಿನಲ್ಲಿ ಕಲಸಿ ಕೊಡಬಾರದು, ಔಷಧದ ಗುಣವು ಕುಗ್ಗುವುದು. ಜ್ವರವೆಂದು ಮನುಷ್ಯರ ನೋವಿನ ಗುಳಿಗೆಗಳನ್ನು ಹಾಕುವುದಂತೂ ಕೂಡದು. ಐಬುಪ್ರೊಫೆನ್ ನಾಯಿಗೆ ವಿಷವೇ ಸರಿ.

ಹಾಗಾದರೆ ಗುಳಿಗೆಗಳನ್ನು ನಾವೇ ತಂದು 28 ದಿನ ಹಾಕಿದರೆ ಸಾಲದೆ ಎಂದು ಕೇಳಬಹುದು. ಸಾಲದು. ಉಣ್ಣಿಯಿಂದಲೇ ಬರುವ ಬೇಬೀಸಿಯಾ ಎಂಬ ಇನ್ನೊಂದು ರೋಗವು ನೋಡುವುದಕ್ಕೆ ಹೀಗೆಯೇ ಇದ್ದರೂ ಅದರ ಜೀವಿಯ ಜಾತಿಯೇ ಬೇರೆ, ಔಷಧವೂ ಬೇರೆ. ರಕ್ತಪರೀಕ್ಷೆಯಿಲ್ಲದೆ ಭೇದ ತಿಳಿಯದು. ಗಬ್ಬದ ನಾಯಿಗೂ ಎಳೆಮರಿಗೂ ಏನು ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮರಿಗಳ ರಕ್ತಭೇದಿಯಾದ ಪಾರ್ವೋ ರೋಗ, ಡಿಸ್ಟೆಂಪರ್, ಹುಚ್ಚುನಾಯಿ ರೋಗ ಇವು ವೈರಾಣುವಿನವು. ವೈರಾಣುವಿನ ಮೇಲೆ ಯಾವ ಪ್ರತಿಜೀವಕವೂ ನಡೆಯದು. ಹುಚ್ಚಿನ ಶಂಕೆಯಿರುವ ನಾಯಿಯ ಬಾಯಿಗೆ ಗುಳಿಗೆ ಹಾಕಹೋಗುವುದು ಪ್ರಾಣಾಪಾಯದ ಕೆಲಸ. ಅಂಥ ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ ಕಾಲು ಗಂಟೆ ತೊಳೆದು, ತಡಮಾಡದೆ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸತಕ್ಕದ್ದು.

ಅನಾವಶ್ಯಕವಾಗಿಯೂ ಅರ್ಧಂಬರ್ಧವಾಗಿಯೂ ಕೊಟ್ಟ ಪ್ರತಿಜೀವಕದಿಂದ ಮತ್ತೊಂದು ಕೇಡುಂಟು. ನಾಯಿಯ ಚರ್ಮದಲ್ಲಿಯೂ ಕರುಳಿನಲ್ಲಿಯೂ ಇರುವ ಇತರ ರೋಗಾಣುಗಳಲ್ಲಿ ದುರ್ಬಲವಾದವು ಸತ್ತು, ಔಷಧವನ್ನು ತಾಳಿಕೊಳ್ಳಬಲ್ಲವು ಉಳಿದು ಬೆಳೆಯುವುವು. ಆ ಸೂಕ್ಷ್ಮಜೀವಿಗಳು ಅಂಗಳದಲ್ಲಿ ಆಡುವ ಮಕ್ಕಳಿಗೂ ಕೊಟ್ಟಿಗೆಯ ದನಗಳಿಗೂ ದಾಟಬಲ್ಲವು. ವೈದ್ಯರ ಚೀಟಿಯಿಲ್ಲದೆ ಈ ಔಷಧಗಳನ್ನು ಮಾರಕೂಡದೆಂದು ಕಾನೂನಿರುವುದು ಸುಮ್ಮನೆ ಅಲ್ಲ.

ಒಮ್ಮೆ ಗುಣವಾದ ನಾಯಿಗೆ ಈ ಜ್ವರವು ಪುನಃ ಬಾರದೆಂದು ನಂಬಬಾರದು. ಉಣ್ಣಿಯು ಗೋಡೆಯ ಬಿರುಕುಗಳಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುವುದರಿಂದ, ಚಿಕಿತ್ಸೆ ನಡೆಯುತ್ತಿರುವಾಗಲೇ ನಾಯಿ ಮಲಗುವ ಜಾಗದ ಸಂದುಗಳನ್ನು ಗಾರೆಯಿಂದ ಮುಚ್ಚಿಸಿ, ಹಳೆಯ ಗೋಣಿತಟ್ಟುಗಳನ್ನು ಸುಟ್ಟು, ಪಶುವೈದ್ಯರು ಹೇಳಿದ ಉಣ್ಣಿನಾಶಕವನ್ನು ಮನೆಯ ಎಲ್ಲ ನಾಯಿಗಳಿಗೂ ಹಾಕಿಸಬೇಕು. ಊರಿನ ಮುಖಂಡರು ಬೀದಿನಾಯಿಗಳನ್ನೂ ಸೇರಿಸಿ ಒಂದೇ ಸಲಕ್ಕೆ ಇದನ್ನು ಮಾಡಿಸಿದರೆ ಫಲವು ಹೆಚ್ಚು. 28 ದಿನ ಮುಗಿದ ಮೇಲೆ ನಾಯಿಯನ್ನು ಮತ್ತೊಮ್ಮೆ ಪಶು ಆಸ್ಪತ್ರೆಗೆ ಕರೆದೊಯ್ದು, ರಕ್ತಕಣಗಳ ಎಣಿಕೆಯು ಮೊದಲಿನಂತಾಗಿದೆಯೇ ಎಂದು ನೋಡಿಸತಕ್ಕದ್ದು.